ಒತ್ತಕ್ಷರಕ್ಕೆ ಜಾಗ

ಹಳೆಯ ಕಂಪ್ಯೂಟರಿಗೆ ಮರುಜೀವ ಕೊಟ್ಟರು ಎಂಬ ಮಾತು ಕಿವಿಗೆ ಬಿದ್ದಾಗಲೆಲ್ಲ ನಮ್ಮ ಸೀಮೆಯ ಒಂದು ಐತಿಹ್ಯ ನೆನಪಾಗುತ್ತದೆ. ಮಾನ್ವಿ ಸೀಮೆಯ ಬ್ಯಾಗವಾಟದ ಶ್ರೀನಿವಾಸಾಚಾರ್ಯರು ದೊಡ್ಡ ಸಂಸ್ಕೃತ ಪಂಡಿತರು. ಕನ್ನಡದಲ್ಲಿ ಪದ ಕಟ್ಟಿ ಹಾಡುವ ದಾಸರೆಂದರೆ ಅವರಿಗೆ ಅಷ್ಟಕ್ಕಷ್ಟೆ. ವಿಜಯದಾಸರು ಊಟಕ್ಕೆ ಕರೆದಾಗ ಹೊಟ್ಟೆನೋವಿನ ನೆಪ ಹೇಳಿ ತಪ್ಪಿಸಿಕೊಂಡರಂತೆ. ಆ ನೆಪವೇ ನಿಜವಾದ ಶೂಲೆಯಾಗಿ ಕಾಡಿತಂತೆ. ಕೊನೆಗೆ ದೇವದುರ್ಗ ಸೀಮೆಯ ಮೊಸರಕಲ್ಲಿನ ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷ ಧಾರೆಯೆರೆದು ಅವರನ್ನು ಉಳಿಸಿದರು. ಆ ಪಂಡಿತರೇ ಮುಂದೆ ಜಗನ್ನಾಥದಾಸರಾದರು (1728–1809). ಕಥೆ ಹೇಳುವವರು ಆಯುಷ್ಯದಾನದ ಬೆರಗಿನಲ್ಲೇ ನಿಂತುಬಿಡುತ್ತಾರೆ. ನನಗೆ ಅದರ ಮುಂದಿನದು ಮುಖ್ಯ. ಸಿಕ್ಕ ವರ್ಷಗಳಲ್ಲಿ ಅವರು ಮಾಡಿದ್ದೇನು? ಸಂಸ್ಕೃತದ ಗ್ರಂಥಗಳಲ್ಲಿದ್ದ ಮಧ್ವಶಾಸ್ತ್ರವನ್ನು ಭಾಮಿನಿ ಷಟ್ಪದಿಗೆ ಇಳಿಸಿ ‘ಹರಿಕಥಾಮೃತಸಾರ’ ಬರೆದರು. ಪಂಡಿತರ ಪಡಸಾಲೆಯಲ್ಲಿದ್ದದ್ದು ಅಡುಗೆಮನೆಯ ಹೆಂಗಸರ ಬಾಯಿಗೆ ಬಂತು.

ಹಳೆಯ ಕಂಪ್ಯೂಟರಿನ ವಿಷಯದಲ್ಲೂ ನನ್ನ ಪ್ರಶ್ನೆ ಅಷ್ಟೇ. ಆಯುಷ್ಯ ಸಿಕ್ಕಿತು, ಸಂತೋಷ. ಸಿಕ್ಕ ಮೇಲೆ ಅದು ಕನ್ನಡ ಬರೆಯಿತೆ?

ವಿಮರ್ಶೆ ಎಂದರೆ ಕಥೆ ಕವಿತೆಗಳಿಗೆ ಮಾತ್ರ ಎಂದು ನಾವು ಬಿ.ಎ. ಓದುವಾಗ ತಿಳಿದಿದ್ದೆವು. ಮಕ್ಕಳ ಮುಂದೆ ಇಷ್ಟು ವರ್ಷ ನಿಂತ ಮೇಲೆ, ಶಾಲೆಯ ಹೊಸ್ತಿಲು ದಾಟಿ ಬರುವ ಪ್ರತಿಯೊಂದನ್ನೂ ಒಂದು ಕೃತಿಯಂತೆ ಓದಬೇಕು ಅನ್ನಿಸಿದೆ. ಪಠ್ಯಪುಸ್ತಕವನ್ನು ತಿದ್ದಿ ಓದುತ್ತೇವೆ, ಬಿಸಿಯೂಟದ ಬೇಳೆಯನ್ನು ಕೈಯಲ್ಲಿ ಹಿಡಿದು ನೋಡುತ್ತೇವೆ. ಕಂಪ್ಯೂಟರ್ ಬಂದರೆ ಮಾತ್ರ ಆರತಿ ಎತ್ತಿ ಒಳಗೆ ಕರೆದುಕೊಂಡು ಸುಮ್ಮನಾಗುತ್ತೇವೆ. ಅದು ಗಂಡಸರ ವಿಷಯ, ಇಂಜಿನಿಯರ್ ಹುಡುಗರ ವಿಷಯ ಎಂಬ ಸಂಕೋಚ. ಆ ಸಂಕೋಚ ಬಿಟ್ಟು ಬರೆಯುತ್ತಿದ್ದೇನೆ.

ಆಪರೇಟಿಂಗ್ ಸಿಸ್ಟಮ್ ಎಂದರೇನು ಎಂದು ಕೇಳಿದವರಿಗೆ ನಾನು ಮನೆ ನಡೆಸುವ ಹಿರಿಯ ಸೊಸೆಯನ್ನು ತೋರಿಸುತ್ತೇನೆ. ಯಂತ್ರವೆಂಬುದು ಕಟ್ಟಡ. ಉಗ್ರಾಣದ ಬೀಗದಕೈ, ಒಲೆ ಯಾರ ಪಾಳಿಗೆ, ಬಂದ ನಂಟರಿಗೆ ಯಾವ ಕೋಣೆ, ಯಾರು ಮೊದಲು ಉಣ್ಣಬೇಕು, ಇದನ್ನೆಲ್ಲ ಸದ್ದಿಲ್ಲದೆ ನೋಡಿಕೊಳ್ಳುವವಳು ಅವಳು. ಅವಳು ಇನ್ನೊಂದು ಮನೆಗೆ ಒಕ್ಕಲು ಹೋದರೆ ಏನಾಗುತ್ತದೆ? ಬಹುಪಾಲು ರೂಢಿಗಳು ಅವಳ ಜೊತೆಗೇ ಹೋಗುತ್ತವೆ. ಆದರೆ ನೀರು ಎಲ್ಲಿ, ಯಾವ ಬಾಗಿಲು ಬಿಗಿ, ಹೊಗೆ ಯಾವ ಕಡೆ ಹೋಗುತ್ತದೆ ಎಂಬುದನ್ನು ಹೊಸದಾಗಿ ಕಲಿಯಬೇಕು. ಒಂದು ಯಂತ್ರಕ್ಕೆ ಬರೆದ ವ್ಯವಸ್ಥೆಯನ್ನು ಬೇರೆ ಜಾತಿಯ ಯಂತ್ರಕ್ಕೆ ಹೊಂದಿಸುವುದನ್ನು ‘ಪೋರ್ಟ್ ಮಾಡುವುದು’ ಎನ್ನುತ್ತಾರೆ. ಆ ಕೆಲಸವೂ ಹೀಗೇ. ಯಂತ್ರಕ್ಕೆ ತೀರ ಹತ್ತಿರವಿರುವ ಭಾಗವನ್ನು ಹೊಸದಾಗಿ ಬರೆಯಬೇಕು, ಉಳಿದದ್ದು ಸ್ವಲ್ಪ ತಿದ್ದುಪಡಿಯೊಡನೆ ಹೊಂದಿಕೊಳ್ಳುತ್ತದೆ. ಇನ್ನು ‘ಮುಕ್ತ ತಂತ್ರಾಂಶ’ ಎಂಬ ಮಾತು. ಅಂಗಡಿಯಲ್ಲಿ ಶೇಂಗಾ ಚಟ್ನಿಪುಡಿಯ ಪೊಟ್ಟಣ ಕೊಂಡರೆ ಅದರ ಖಾರ ಅದರದ್ದೇ. ಅಳತೆ ಹೇಳಿಕೊಟ್ಟರೆ ನಮ್ಮ ಮನೆಯ ಒಳಕಲ್ಲಿಗೆ, ನಮ್ಮ ಮಕ್ಕಳ ನಾಲಿಗೆಗೆ ತಕ್ಕಂತೆ ಕುಟ್ಟಿಕೊಳ್ಳಬಹುದು. ಅಳತೆಯನ್ನು ಬಚ್ಚಿಡದೆ ಕೊಟ್ಟದ್ದೇ ಮುಕ್ತ ತಂತ್ರಾಂಶ. ಹಳೆಯ ಯಂತ್ರಕ್ಕೆ ಹೊಂದಿಸಿಕೊಳ್ಳಲು ಈ ಅಳತೆ ಕೈಯಲ್ಲಿರಲೇಬೇಕು.

ಈ ಪರಂಪರೆಯ ಮೂಲ ಕೃತಿ ಯುನಿಕ್ಸ್ ಹುಟ್ಟಿದ್ದೇ ಹಳೆಯದಾಗಿ ಮೂಲೆ ಸೇರಿದ್ದ ಯಂತ್ರದಲ್ಲಿ. 1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಯಾರೂ ಹೆಚ್ಚಾಗಿ ಮುಟ್ಟದೆ ಬಿಟ್ಟಿದ್ದ ಪಿಡಿಪಿ-7 ಎಂಬ ಯಂತ್ರದ ಮುಂದೆ ಕೆನ್ ಥಾಂಪ್ಸನ್ ಕೂತರು. ಅವರ ಹೆಂಡತಿ ಕೂಸನ್ನು ಎತ್ತಿಕೊಂಡು ಅತ್ತೆ ಮಾವನಿಗೆ ತೋರಿಸಲು ಕ್ಯಾಲಿಫೋರ್ನಿಯಾಕ್ಕೆ ಹೋಗಿದ್ದ ಮೂರು ವಾರದಲ್ಲಿ ಮುಖ್ಯ ಭಾಗಗಳನ್ನೆಲ್ಲ ಬರೆದು ಮುಗಿಸಿದೆ ಎಂದು ಅವರೇ ಹೇಳಿಕೊಂಡಿದ್ದಾರೆ. ಈ ಸಂಗತಿಯನ್ನು ನಾನು ಒಮ್ಮೆ ಸ್ಟಾಫ್ ರೂಮಿನಲ್ಲಿ ಹೇಳಿ, ಗಂಡ ಮಕ್ಕಳು ಮೂರು ವಾರ ಊರಲ್ಲಿಲ್ಲದಿದ್ದರೆ ನಾವು ಏನು ಮಾಡುತ್ತೇವೆ ಎಂದು ಕೇಳಿದೆ. ಡಬ್ಬಿಗಳನ್ನೆಲ್ಲ ಇಳಿಸಿ ತೊಳೆದಿಡುತ್ತೇವೆ ಎಂದರು ಒಬ್ಬರು. ಎಲ್ಲರೂ ನಕ್ಕೆವು. ಇತಿಹಾಸದ ಪುಸ್ತಕಗಳು ಥಾಂಪ್ಸನ್ನರ ಜಾಣ್ಮೆಯನ್ನು ಹೊಗಳುತ್ತವೆ, ನ್ಯಾಯವೇ. ಕೂಸನ್ನು ಎತ್ತಿಕೊಂಡು ಹೊರಟ ಆ ತಾಯಿಯ ಪಾಲನ್ನೂ ನಾನು ಸೇರಿಸಿ ಓದುತ್ತೇನೆ.

1973ರಲ್ಲಿ ಯುನಿಕ್ಸನ್ನು ಸಿ ಎಂಬ ಭಾಷೆಯಲ್ಲಿ ತಿರುಗಿ ಬರೆದರು. ಅಲ್ಲಿಂದಲೇ ಅದಕ್ಕೆ ಕಾಲು ಬಂದದ್ದು. 1977ರ ಹೊತ್ತಿಗೆ ಆಸ್ಟ್ರೇಲಿಯಾದ ವುಲಂಗಾಂಗ್ ವಿಶ್ವವಿದ್ಯಾಲಯದಲ್ಲೂ ಬೆಲ್ ಲ್ಯಾಬ್ಸ್‌ನಲ್ಲೂ ಅದನ್ನು ಬೇರೆ ಜಾತಿಯ ಯಂತ್ರಗಳಿಗೆ ಒಯ್ದರು. 1991ರ ಆಗಸ್ಟಿನಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ತನ್ನ ಲಿನಕ್ಸಿನ ಸುದ್ದಿ ಹೇಳುವಾಗ, ಇದು ತನ್ನ 386 ಯಂತ್ರಕ್ಕೇ ಅಂಟಿಕೊಂಡದ್ದು, ಬೇರೆಡೆ ಒಯ್ಯಲಾಗದ್ದು ಎಂದು ಬರೆದಿದ್ದ. ಕೆಲವೇ ವರ್ಷಗಳಲ್ಲಿ ಹವ್ಯಾಸಿಗಳು ಅದನ್ನು ಅಮಿಗಾ, ಅಟಾರಿ ಮೊದಲಾದ ಹಳೆಯ ಮನೆಬಳಕೆಯ ಯಂತ್ರಗಳಿಗೆ ಒಯ್ದರು. ಎಲ್ಕ್ಸ್ ಎಂಬ ತುಂಡು ಲಿನಕ್ಸು 1978ರ 8086 ಚಿಪ್ಪಿನ ಮೇಲೂ ಓಡುತ್ತದೆ. ಇದೇ ಬಳಗದ ನೆಟ್‌ಬಿಎಸ್‌ಡಿಯವರಂತೂ ಎಲ್ಲ ಯಂತ್ರಕ್ಕೂ ಒಯ್ಯುವುದನ್ನೇ ವ್ರತ ಮಾಡಿಕೊಂಡವರು. 2005ರಲ್ಲಿ ಅದನ್ನು ಬ್ರೆಡ್ಡು ಸುಡುವ ಟೋಸ್ಟರಿನಲ್ಲಿ ಓಡಿಸಿ ತೋರಿಸಿದ್ದೂ ಉಂಟು. ಇತ್ತ ಲಿನಕ್ಸು 2013ರ ಆವೃತ್ತಿಯಲ್ಲಿ 386ರ ಬೆಂಬಲವನ್ನೇ ತೆಗೆದುಹಾಕಿತು. ಹುಟ್ಟಿದ ಮನೆಗೇ ಬೀಗ.

ಹವ್ಯಾಸಿಗಳ ಈ ಕೆಲಸದ ಬಗ್ಗೆ ನನಗೆ ಗೌರವವಿದೆ. ಅಜ್ಜನ ಕಾಲದ ಗ್ರಾಮಫೋನನ್ನು ಬಿಚ್ಚಿ ಒರೆಸಿ ಹಾಡಿಸುವವನ ಕಣ್ಣಿನಲ್ಲಿರುವ ಬೆಳಕು ಇವರಲ್ಲೂ ಇರುತ್ತದೆ. ಯಾವ ಲಾಭವೂ ಇಲ್ಲದೆ, ಯಾರೂ ಕೇಳದೆ ಇದ್ದರೂ ರಾತ್ರಿ ಕೂತು ಹೊಂದಿಸುತ್ತಾರೆ. ಆದರೆ ಅವರ ಹಳೆಯ ಯಂತ್ರ ಮನೆಯ ಎರಡನೆಯದೋ ಮೂರನೆಯದೋ ಆಗಿರುತ್ತದೆ. ಪಕ್ಕದಲ್ಲಿ ಹೊಸತೊಂದು ಇದ್ದೇ ಇರುತ್ತದೆ. ನಮ್ಮ ಕಡೆಯ ಶಾಲೆಗೆ ಬಂದಾಗ ಅದೇ ಹಳೆಯದು ಒಂದೇ ಒಂದಾಗುತ್ತದೆ. ಈ ವ್ಯತ್ಯಾಸವನ್ನು ಯಾರೂ ಬರೆಯುವುದಿಲ್ಲ.

ನಮ್ಮ ಶಾಲೆಗಳ ಕಂಪ್ಯೂಟರ್ ಕೋಣೆ ಹೇಗಿರುತ್ತದೆಂದು ಈ ಪುಸ್ತಕ ಓದುವ ಬಹಳ ಜನ ಟೀಚರುಗಳಿಗೆ ಗೊತ್ತು. ಯಾವುದೋ ಯೋಜನೆಯಲ್ಲಿ ಬಂದ ಯಂತ್ರಗಳು; ಮೇಲೆ ಹೂವಿನ ಚಿತ್ರದ ಪ್ಲಾಸ್ಟಿಕ್ ಹೊದಿಕೆ. ಏಪ್ರಿಲ್ ಮೇ ತಿಂಗಳ ರಾಯಚೂರಿನ ಬಿಸಿಲಿಗೆ ಗೋಡೆಯೇ ಕಾದ ಹಂಚಿನಂತಿರುವಾಗ ಯಂತ್ರದ ಫ್ಯಾನು ಏನು ಮಾಡೀತು? ಕಿಟಕಿಯಿಂದ ಎರೆಹೊಲದ ಧೂಳು ಬರುತ್ತದೆ. ಶಕ್ತಿನಗರದ ಶಾಖೋತ್ಪನ್ನ ಕೇಂದ್ರ 1985ರಿಂದ ನಾಡಿಗೆಲ್ಲ ಕರೆಂಟು ಕೊಡುತ್ತ ಬಂದಿದೆ. ಅದೇ ಜಿಲ್ಲೆಯ ಹಳ್ಳಿಯ ಶಾಲೆಯಲ್ಲಿ ಯುಪಿಎಸ್ಸಿನ ಬ್ಯಾಟರಿ ಸತ್ತು ಯಾವ ಕಾಲವಾಯಿತೋ. ಇವೆಲ್ಲ ಸೇರಿಯೂ ಕೆಲವು ಯಂತ್ರಗಳು ಬದುಕಿರುತ್ತವೆ, ಅದೇ ಆಶ್ಚರ್ಯ. ಅವು ಕೆಟ್ಟು ಹಳೆಯದಾದವಲ್ಲ. 2014ರ ಏಪ್ರಿಲ್ 8ಕ್ಕೆ ವಿಂಡೋಸ್ ಎಕ್ಸ್‌ಪಿಗೆ, 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಕಂಪನಿ ತನ್ನ ಬೆಂಬಲ ನಿಲ್ಲಿಸಿತು. ವಿಂಡೋಸ್ 11ನ್ನು ಹಾಕಬೇಕಾದರೆ ಯಂತ್ರದಲ್ಲಿ ಭದ್ರತೆಯ ಒಂದು ವಿಶೇಷ ಭಾಗವೇ ಇರಬೇಕೆಂದು ಷರತ್ತು. ನಿನ್ನೆ ರಾತ್ರಿವರೆಗೆ ಚೆನ್ನಾಗಿದ್ದ ಸೊಸೆ ಬೆಳಗಾಗುವುದರೊಳಗೆ ಅಪಶಕುನದವಳಾದ ಹಾಗೆ, ಯಂತ್ರ ಹಳೆಯದಾಯಿತು. ಇಂಥ ಕಡೆ ಮುಕ್ತ ತಂತ್ರಾಂಶದವರು ಬಂದು, ಎಸೆಯಬೇಡಿ, ನಾವು ಓಡಿಸುತ್ತೇವೆ ಎನ್ನುವುದು ದೊಡ್ಡ ಮಾತೇ.

ದೇವದುರ್ಗ ಕಡೆಯ ಒಂದು ಶಾಲೆಗೆ ಹೀಗೇ ಒಬ್ಬ ಹುಡುಗ ಬಂದ. ರಾಯಚೂರಿನಲ್ಲಿ ಇಂಜಿನಿಯರಿಂಗ್ ಓದಿದವನು, ಒಂದು ಕಾಲಕ್ಕೆ ನನ್ನ ವಿದ್ಯಾರ್ಥಿ. ಆರು ಯಂತ್ರ, ಒಂದೊಂದಕ್ಕೆ 512 ಎಂಬಿ ಮೆಮೊರಿ. ಪೆನ್‌ಡ್ರೈವಿನಲ್ಲಿ ತಂದ ಪುಟಾಣಿ ಲಿನಕ್ಸನ್ನು ಹಾಕಿದ. ಕಣ್ಣು ಮಿಟುಕಿಸುವುದರೊಳಗೆ ಪರದೆ ಬೆಳಗಿತು. ಮಕ್ಕಳು ಚಪ್ಪಾಳೆ ತಟ್ಟಿದರು. ಎಂಟನೇ ಇಯತ್ತೆಯ ಒಬ್ಬ ಹುಡುಗಿ ಅವನಿಂದ ಕೇಳಿಕೊಂಡು ಒಂದೊಂದೇ ಕೀಲಿ ಒತ್ತಿ ತನ್ನ ಹೆಸರು ಬರೆದಳು. ಬರೆದು ನನ್ನ ಕಡೆ ತಿರುಗಿದಳು. “ಟೀಚರ್, ಇದು ನನ್ನ ಹೆಸರು ಅಲ್ರಿ. ಒಡದ್ ಹೋಗ್ಯಾದ್ರಿ.”

ಹುಡುಗ ನಕ್ಕು, “ಹಗುರ ಮಾಡಬೇಕಂದ್ರ ಕೆಲವೊಂದು ತೆಗೀಬೇಕಾಗ್ತದ ಟೀಚರ್. ಇಂಗ್ಲಿಷ್ ಪೂರಾ ಬರ್ತದ,” ಅಂದ.

ಏನನ್ನು ತೆಗೆದ ಎಂಬುದನ್ನು ಸ್ವಲ್ಪ ವಿವರಿಸಬೇಕು, ಏಕೆಂದರೆ ನನ್ನ ತಕರಾರು ಇರುವುದೇ ಇಲ್ಲಿ. ‘ಲಕ್ಷ್ಮಿ’ ಎಂದು ನಾವು ಬರೆದರೆ ಕಣ್ಣಿಗೆ ಎರಡಕ್ಷರ. ಯಂತ್ರ ಅದನ್ನು ಯುನಿಕೋಡಿನ ಪ್ರಕಾರ ಏಳು ಸಂಕೇತಗಳಾಗಿ ಇಟ್ಟುಕೊಳ್ಳುತ್ತದೆ: ಲ, ಕ, ವಿರಾಮ, ಷ, ವಿರಾಮ, ಮ, ಇಕಾರ. ಈ ಏಳನ್ನು ನೋಡಿ, ಇಲ್ಲಿ ಕ-ಷ ಕೂಡಬೇಕು, ಮ ಅದಕ್ಕೆ ಒತ್ತಾಗಬೇಕು, ಗುಡಿಸು ಮೇಲಿನದಕ್ಕೆ ಹೋಗಬೇಕು ಎಂದು ತೀರ್ಮಾನಿಸುವ ಒಂದು ಕೆಲಸಗಾರ ಬೇಕು. ಆ ಆಕಾರಗಳೆಲ್ಲ ಇರುವ ಅಕ್ಷರಶೈಲಿ, ಅಂದರೆ ಫಾಂಟು ಬೇಕು. ಮೊದಲನೆಯದು ಇಲ್ಲದಿದ್ದರೆ ಅಕ್ಷರಗಳು ಬಿಡಿಬಿಡಿಯಾಗಿ, ನಡುವೆ ಕೊಂಬಿನಂಥ ಗುರುತಿನೊಡನೆ ಸಾಲಾಗಿ ನಿಲ್ಲುತ್ತವೆ. ಎರಡನೆಯದು ಇಲ್ಲದಿದ್ದರೆ ಬರೀ ಚೌಕಗಳು. ಇಂಗ್ಲಿಷಿಗೆ ಈ ಕೂಡಿಸುವ ಕೆಲಸದ ಅಗತ್ಯವಿಲ್ಲ. ಆದ್ದರಿಂದ ಭಾರ ಇಳಿಸುವ ಇಂಗ್ಲಿಷ್ ಓದುಗನ ಕಣ್ಣಿಗೆ ಅದು ಇಲ್ಲದಿರುವುದೇ ಕಾಣುವುದಿಲ್ಲ.

ಹಗುರ ಲಿನಕ್ಸುಗಳಲ್ಲಿ ಹೆಸರಾದ ‘ಡ್ಯಾಮ್ ಸ್ಮಾಲ್ ಲಿನಕ್ಸ್’ 50 ಎಂಬಿ ಮೀರಬಾರದು ಎಂದು ಗೆರೆ ಹಾಕಿಕೊಂಡಿತ್ತು. ಗೆರೆ ಹಾಕಿಕೊಂಡು ಬರೆಯುವುದು ತಪ್ಪಲ್ಲ. ಷಟ್ಪದಿಯೂ ಗೆರೆಯೇ, ಆರು ಸಾಲು, ಇಷ್ಟಿಷ್ಟೇ ಮಾತ್ರೆ. ಗೆರೆಯೊಳಗೆ ಏನನ್ನು ಉಳಿಸಿದಿರಿ, ಏನನ್ನು ಕೈಬಿಟ್ಟಿರಿ ಎಂಬಲ್ಲಿ ಬರೆದವನ ಮನಸ್ಸು ತಿಳಿಯುತ್ತದೆ. ಆಸ್ಟ್ರೇಲಿಯಾದ ಬ್ಯಾರಿ ಕೌಲರ್ 2003ರಲ್ಲಿ ಶುರುಮಾಡಿದ ಪಪ್ಪಿ ಲಿನಕ್ಸು ನನಗೆ ಹೆಚ್ಚು ಹಿಡಿಸುವುದು ಇದಕ್ಕೇ; ಹಳೆಯ ಯಂತ್ರದಲ್ಲಿ ಪುಟಿದೇಳುತ್ತದೆ, ಬೇಕಾದದ್ದನ್ನು ಆಮೇಲೆ ಸೇರಿಸಿಕೊಳ್ಳಲು ಬಾಗಿಲು ತೆರೆದಿಟ್ಟಿದೆ. ಆದರೆ ಸೇರಿಸಿಕೊಳ್ಳಬೇಕಾದವರು ನಾವೇ.

ಇಲ್ಲಿ ನ್ಯಾಯವಾಗಿ ಒಂದು ಮಾತು ಹೇಳಬೇಕು. ಚಿತ್ರಗಳಿಲ್ಲದ ಬರೀ ಅಕ್ಷರದ ಪರದೆ ಇರುವ ತೀರ ಹಳೆಯ ಯಂತ್ರಗಳಲ್ಲಿ ಲಿನಕ್ಸಿಗೆ ನಿಜವಾಗಿಯೂ ಕೈಕಟ್ಟಿದೆ. ಆ ಪರದೆ ಒಮ್ಮೆಗೆ ಹೆಚ್ಚೆಂದರೆ 512 ಆಕಾರಗಳನ್ನು ಮಾತ್ರ ಹಿಡಿಯಬಲ್ಲದು, ಪ್ರತಿಯೊಂದೂ ಒಂದೇ ಅಳತೆಯ ಗೂಡಿನಲ್ಲಿ ಕೂರಬೇಕು. ಕನ್ನಡದ ಗುಣಿತಾಕ್ಷರ, ಒತ್ತಕ್ಷರಗಳು ಆ ಗೂಡಿಗೆ ಬಗ್ಗುವ ಜಾತಿಯಲ್ಲ. ಎಲ್ಕ್ಸಿನಂಥವು ಆದ್ದರಿಂದ ಹವ್ಯಾಸಿಗಳ ಕಪಾಟಿನಲ್ಲಿರಲಿ. ಅವನ್ನು ಕನ್ನಡ ಶಾಲೆಗೆ ತರುವುದು ಬೇಡ. ಅದಕ್ಕಿಂತ ಮೇಲಿನ ಯಂತ್ರಗಳಿಗೆ ಈ ನೆಪವಿಲ್ಲ. ಒಂದು ಸಾಮಾನ್ಯ ಕನ್ನಡ ಫಾಂಟು ಇಂದಿನ ಫೋನಿನಲ್ಲಿ ತೆಗೆದ ಒಂದು ಫೋಟೋದಷ್ಟೂ ಜಾಗ ತಿನ್ನುವುದಿಲ್ಲ. ಗುಬ್ಬಿ, ನವಿಲು ಎಂಬ ಮುದ್ದಾದ ಹೆಸರಿನ ಮುಕ್ತ ಫಾಂಟುಗಳೇ ಇವೆ. ಗುಬ್ಬಿಯ ಭಾರಕ್ಕೆ ಕೊಂಬೆ ಮುರಿಯುತ್ತದೆಯೆ?

ಹಳೆಯ ಯಂತ್ರ ಕನ್ನಡ ಹೊರಲಾರದು ಎನ್ನುವವರಿಗೆ ಇತಿಹಾಸವೂ ಗೊತ್ತಿಲ್ಲ. ಕೆ.ಪಿ. ರಾವ್ ಅವರು ‘ಸೇಡಿಯಾಪು’ ಎಂಬ ಹೆಸರಿನಿಂದ ಕನ್ನಡದ ಪದಸಂಸ್ಕಾರಕವನ್ನು ಡಾಸ್ ಯಂತ್ರಗಳಿಗೆ ಬರೆದು ಪುಕ್ಕಟೆಯಾಗಿ ಕೊಟ್ಟಿದ್ದರು. ಹಿರಿಯ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರು ಅದು. ಇಂದು ನುಡಿಯಲ್ಲಿ ನಾವು ಬಳಸುವ ಕೀಲಿಮಣೆಯ ವಿನ್ಯಾಸವೂ ರಾಯರದೇ. ಕಾನ್ಪುರದ ಐಐಟಿಯಲ್ಲಿ 1980ರ ದಶಕದಲ್ಲಿ ನಡೆದ ಕೆಲಸವನ್ನು ಪುಣೆಯ ಸಿ-ಡ್ಯಾಕ್ ಸಂಸ್ಥೆ ಮುಂದುವರಿಸಿ ಜಿಸ್ಟ್ ಎಂಬ ಕಾರ್ಡನ್ನು ಹೊರತಂದಿತು. ಅದನ್ನು ಯಂತ್ರದೊಳಗೆ ಸಿಕ್ಕಿಸಿದರೆ ಡಾಸ್ ಕಾರ್ಯಕ್ರಮಗಳಲ್ಲೇ ಭಾರತದ ಲಿಪಿಗಳು ಮೂಡುತ್ತಿದ್ದವು. ಆ ಕಾಲದ ಯಂತ್ರಗಳ ಮೆಮೊರಿ ಇಂದಿನ ಲೆಕ್ಕದಲ್ಲಿ ಚಿಟಿಕೆ ಉಪ್ಪು. ಅದರಲ್ಲಿ ಒತ್ತಕ್ಷರಕ್ಕೆ ಜಾಗ ಸಿಕ್ಕಿತು. ಅದರ ಸಾವಿರ ಪಟ್ಟು ದೊಡ್ಡ ಯಂತ್ರದಲ್ಲಿ ಸಿಗುವುದಿಲ್ಲ ಎಂದರೆ ಜಾಗದ ಕೊರತೆ ಅಲ್ಲ, ಜ್ಞಾಪಕದ ಕೊರತೆ. ಆ ಹಳೆಯ ಏರ್ಪಾಡುಗಳಲ್ಲೂ ದೋಷವಿತ್ತು. ಒಂದೊಂದಕ್ಕೆ ಒಂದೊಂದು ಸಂಕೇತ, ಒಂದರಲ್ಲಿ ಬರೆದದ್ದು ಇನ್ನೊಂದರಲ್ಲಿ ಅರ್ಥವಿಲ್ಲದ ಗೀಚು. ಯುನಿಕೋಡು ಆ ಜಗಳ ಬಿಡಿಸಿತು. ಅದಕ್ಕೆ ತೆರಬೇಕಾದ ಬೆಲೆಯೇ ಈ ಅಕ್ಷರ ಕೂಡಿಸುವ ಕೆಲಸಗಾರ. ತೆರತಕ್ಕ ಬೆಲೆ.

ಹಳೆಯದು ದುರ್ಬಲ ಎಂಬ ಮಾತಿಗೆ ಇನ್ನೊಂದು ಉತ್ತರವೂ ಉಂಟು. 1984-85ರಲ್ಲಿ ಭಾರತ ಸರ್ಕಾರ ‘ಕ್ಲಾಸ್’ ಯೋಜನೆಯಲ್ಲಿ ಶಾಲೆಗಳಿಗೆ ಕೊಟ್ಟದ್ದು ಇಂಗ್ಲೆಂಡಿನ ಬಿಬಿಸಿ ಮೈಕ್ರೋ ಎಂಬ ಯಂತ್ರ. ಅದರ ಬೇಸಿಕ್ ಭಾಷೆಯನ್ನು ಬರೆದವರು ಸೋಫಿ ವಿಲ್ಸನ್. 1985ರಲ್ಲಿ ಇದೇ ಯಂತ್ರಕ್ಕೆ ಜೋಡಿಸಿ ಓಡಿಸಿದ ಮೊದಲ ಆರ್ಮ್ ಚಿಪ್ಪಿನ ಆಜ್ಞೆಗಳನ್ನು ರೂಪಿಸಿದವರೂ ಅವರೇ. ಆ ಚಿಪ್ಪಿನ ಮರಿಮಕ್ಕಳೇ ಇಂದು ನಮ್ಮ ಕೈಯಲ್ಲಿರುವ ಫೋನುಗಳೊಳಗೆ ಕೂತಿರುವುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್ಕೋರ್ ಸಂಸ್ಥೆಯವರೂ ಸೇರಿ ರೂಪಿಸಿದ ಸಿಂಪ್ಯೂಟರ್ ಕೂಡ ಅದೇ ವಂಶದ ಚಿಪ್ಪಿನ ಮೇಲೆ ಲಿನಕ್ಸನ್ನು ಓಡಿಸಿತ್ತು. ಅದು ಮಾರುಕಟ್ಟೆಯಲ್ಲಿ ಸೋತಿತು, ಆ ಕಥೆ ಬೇರೆ. ಕನ್ನಡವನ್ನು ಮೊದಲ ದಿನದಿಂದಲೇ ಲೆಕ್ಕಕ್ಕೆ ತೆಗೆದುಕೊಂಡ ಯಂತ್ರ ಎಂಬ ಮಾನ ಅದಕ್ಕೆ ಸಲ್ಲಬೇಕು.

ಇಷ್ಟೆಲ್ಲ ಹೇಳಿ, ಚೆನ್ನಾಗಿ ಮಾಡಿದವರ ಹೆಸರು ಹೇಳದಿದ್ದರೆ ವಿಮರ್ಶೆ ಬರೀ ಕೊಂಕು ಆಗುತ್ತದೆ. 2011ರ ಸುಮಾರಿಗೆ ನಮ್ಮ ರಾಜ್ಯದ ಶಿಕ್ಷಣ ಇಲಾಖೆ ಮತ್ತು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ ಪ್ರೌಢಶಾಲೆಯ ಶಿಕ್ಷಕರಿಗಾಗಿ ವಿಷಯ ಶಿಕ್ಷಕರ ವೇದಿಕೆ ಎಂಬುದನ್ನು ನಡೆಸಿದವು. ಅಲ್ಲಿ ಕಲಿಸಿದ್ದು ಉಬುಂಟು ಎಂಬ ಲಿನಕ್ಸು. ಜಿಯೋಜಿಬ್ರಾದಲ್ಲಿ ತ್ರಿಭುಜ ಎಳೆಯುವುದು, ಕನ್ನಡದಲ್ಲಿ ಪಾಠ ಬರೆದು ಎಲ್ಲರೊಡನೆ ಹಂಚಿಕೊಳ್ಳುವುದು. ಹಾಗೆ ಹಂಚಿಕೊಂಡದ್ದು ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು’ ಎಂಬ ಹೆಸರಿನಲ್ಲಿ ಸಂಗ್ರಹವಾಯಿತು. ಅಲ್ಲಿ ಕನ್ನಡವನ್ನು ಭಾರವೆಂದು ಇಳಿಸಲಿಲ್ಲ, ಸಾಮಾನೇ ಅದು ಎಂದು ಹೊತ್ತುಕೊಂಡರು. ಗಡಿಯಾಚೆ ಕೇರಳದಲ್ಲಿ ಇದನ್ನು ಇನ್ನೂ ದೊಡ್ಡದಾಗಿ ಮಾಡಿದರು. 2019ರ ವೇಳೆಗೆ ಶಾಲೆಗಳ ಎರಡು ಲಕ್ಷಕ್ಕೂ ಹೆಚ್ಚು ಯಂತ್ರಗಳಿಗೆ ತಮ್ಮದೇ ಲಿನಕ್ಸನ್ನು ಹೊಂದಿಸಿದರು. ಅಲ್ಲಿನ ಕಂಪ್ಯೂಟರ್ ಪಠ್ಯಪುಸ್ತಕ ಕನ್ನಡದಲ್ಲೂ ಬರುತ್ತದೆ, ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗಾಗಿ. ಮಲಯಾಳದ ಸರ್ಕಾರ ಕಾಸರಗೋಡಿನ ಕನ್ನಡದ ಕೂಸನ್ನು ನೆನಪಿಟ್ಟುಕೊಂಡಿದೆ. ನಾವು ದೇವದುರ್ಗದ ಕೂಸನ್ನು ಮರೆಯುವುದು ಹೇಗೆ ಸರಿ?

ಲಿನಕ್ಸಿನ ಮೆನುಗಳನ್ನು ಕನ್ನಡಕ್ಕೆ ತಂದವರು ಹೆಚ್ಚಾಗಿ ಸ್ವಯಂಸೇವಕರು. ಅವರ ಪದಗಳನ್ನು ನಾನು ಕನ್ನಡ ಟೀಚರಾಗಿ ತಿರುವಿ ನೋಡಿದ್ದೇನೆ. ಫೈಲಿಗೆ ‘ಕಡತ’ ಎಂದದ್ದು ಬಹಳ ಸೊಗಸು. ಬಟ್ಟೆಗೆ ಮಸಿಯ ಲೇಪ ಕೊಟ್ಟು, ಮಡಿಸಿ, ಬಳಪದಿಂದ ಲೆಕ್ಕ ಬರೆದಿಡುತ್ತಿದ್ದ ಹಳೆಯ ಪುಸ್ತಕವೇ ಕಡತ. ಬರೆದು ಅಳಿಸಿ ಮತ್ತೆ ಬರೆಯಬಹುದಿತ್ತು. ಕಂಪ್ಯೂಟರಿನ ಫೈಲಿಗೆ ಇದಕ್ಕಿಂತ ಒಪ್ಪುವ ಮಾತು ಸಿಗದು. ‘ಗುಪ್ತಪದ’ ಅರ್ಥವಾಗುತ್ತದೆ, ಆದರೆ ಮಕ್ಕಳ ಬಾಯಲ್ಲಿ ಪಾಸ್‌ವರ್ಡೇ ಉಳಿಯುತ್ತದೆ, ಉಳಿಯಲಿ. ‘ಕಡತಕೋಶ’ದಂಥವು ಓದಲು ಗಂಭೀರ, ಹೇಳಲು ಗಂಟಲಿಗೆ ಕಡಲೆಬೇಳೆ. ಶಾಲೆಯ ಮಗು ಮೊದಲು ‘ಉಳಿಸು’, ‘ತೆರೆ’, ‘ಅಳಿಸು’ ಎಂಬ ಸಣ್ಣ ಕ್ರಿಯಾಪದಗಳನ್ನು ಹಿಡಿಯುತ್ತದೆ. ಇವು ನಮ್ಮ ಮನೆಯ ಮಾತುಗಳಂತೆಯೇ ಇವೆ ಎಂದು ಅದಕ್ಕೆ ಗೊತ್ತಾದ ದಿನ ಯಂತ್ರದ ಹೆದರಿಕೆ ಅರ್ಧ ಹೋಗುತ್ತದೆ.

ಮುಕ್ತ ತಂತ್ರಾಂಶದ ದೊಡ್ಡ ಮನೆತನಗಳೂ ಹಳೆಯ ಯಂತ್ರಗಳಿಂದ ಒಂದೊಂದಾಗಿ ಕೈ ತೊಳೆದುಕೊಳ್ಳುತ್ತಿವೆ. 2017ರ ಅಕ್ಟೋಬರಿನ ಆವೃತ್ತಿಯಿಂದ ಉಬುಂಟು 32-ಬಿಟ್ಟಿನ ಯಂತ್ರಗಳಿಗೆ ಡೆಸ್ಕ್‌ಟಾಪ್ ಸಿಡಿಯನ್ನೇ ಕೊಡುತ್ತಿಲ್ಲ. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13 ಕೂಡ ಅಂಥ ಯಂತ್ರಗಳಿಗೆ ಹೊಸದಾಗಿ ಹಾಕಲು ಬರುವುದಿಲ್ಲ. ಅವರ ಕಷ್ಟವೂ ಗೊತ್ತು, ಸಂಬಳವಿಲ್ಲದೆ ಎಷ್ಟು ಜನ ಎಷ್ಟು ದಿನ ಹಳೆಯದನ್ನು ಕಾಯ್ದಾರು. ಆದರೆ ಇದರ ಪರಿಣಾಮ ಏನೆಂದರೆ, ಕನ್ನಡ ತುಂಬಿದ ದೊಡ್ಡ ವ್ಯವಸ್ಥೆಗಳು ಮೇಲೆ ಮೇಲೆ ಹೋಗುತ್ತವೆ, ಕನ್ನಡ ಕಳಚಿದ ಸಣ್ಣವು ನಮ್ಮ ಪಾಲಿಗೆ ಕೆಳಗೆ ಉಳಿಯುತ್ತವೆ. ನಂಜುಂಡಪ್ಪ ಸಮಿತಿ 2002ರಲ್ಲಿ ದೇವದುರ್ಗವನ್ನು ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿಟ್ಟಿತು. ಆ ಪಟ್ಟಿಯಲ್ಲಿರುವವರಿಗೆ ಏನು ಕೊಟ್ಟರೂ ಉಪಕಾರವೇ ಎಂಬ ಭಾವನೆ ಒಂದು ಬೆಳೆದಿದೆ. ಹಳೆಯ ಸೀರೆ ಕೊಡುವವರು ಅಂಚು ಕತ್ತರಿಸಿಕೊಂಡು ಕೊಟ್ಟರೆ ನಮ್ಮ ಹೆಂಗಸರು ಬಾಯಿಬಿಟ್ಟು ಹೇಳುತ್ತಾರೆ. ಹಳೆಯದು ಕೊಟ್ಟದ್ದಕ್ಕೆ ನನ್ನ ಬೇಸರವಿಲ್ಲ. ನಾವೂ ಹಳೆಯ ಸೀರೆಯಿಂದಲೇ ಕೌದಿ ಹೊಲಿಯುವವರು. ಅಂಚಿನ ಬಗ್ಗೆಯೇ ನನ್ನ ಮಾತು.

ಶಾಲಾಭಿವೃದ್ಧಿ ಸಮಿತಿಯಲ್ಲಿರುವ ತಾಯಂದಿರಿಗೆ, ಹೊಸದಾಗಿ ಕೆಲಸಕ್ಕೆ ಸೇರಿದ ಟೀಚರುಗಳಿಗೆ ನಾನು ಒಂದು ಸಣ್ಣ ಪರೀಕ್ಷೆ ಹೇಳಿಕೊಡುತ್ತೇನೆ. ಯಾರೇ ಬಂದು ಹಳೆಯ ಯಂತ್ರ ಸಿದ್ಧ ಮಾಡಿಕೊಟ್ಟೆ ಎಂದರೂ ಚಹಾ ಕೊಡುವ ಮೊದಲು ಮೂರು ಊರಿನ ಹೆಸರು ಬರೆಸಿ. ‘ರಾಯಚೂರು’ ಹೇಗೋ ಪಾರಾಗುತ್ತದೆ, ಅದರಲ್ಲಿ ಒತ್ತಕ್ಷರವೇ ಇಲ್ಲ. ‘ಮಾನ್ವಿ’ ಬರೆಯುವಾಗ ನಕಾರಕ್ಕೆ ವಕಾರ ಒತ್ತಾಗಿ ಕೂತಿತೆ ನೋಡಿ. ‘ದೇವದುರ್ಗ’ದಲ್ಲಿ ಅರ್ಕಾವತ್ತು ಗಕಾರದ ಬಲಕ್ಕೆ ಬಂತೆ ನೋಡಿ. ಜಿಲ್ಲೆಯ ಊರು ಸರಿಬಂದು ತಾಲ್ಲೂಕಿನ ಊರುಗಳು ಒಡೆದರೆ ಆ ಯಂತ್ರ ಇನ್ನೂ ಸಿದ್ಧವಾಗಿಲ್ಲ ಎಂದು ಹೇಳಿ. ಬರೆದದ್ದನ್ನು ಉಳಿಸಿ, ಯಂತ್ರ ಆರಿಸಿ, ಮತ್ತೆ ಹಚ್ಚಿ ತೆರೆಯಿರಿ. ಅದಾದ ಮೇಲೆ ಚಹಾ.

ನಮ್ಮ ಹುಡುಗನಿಗೂ ಇದನ್ನೇ ಹೇಳಿದೆ. ಅವನ ಮುಖ ಸಣ್ಣದಾಯಿತು. “ಪೂರಾ ಕನ್ನಡ ಹಾಕಿ, ಬರೆಯೋ ಪ್ರೋಗ್ರಾಮೂ ಹಾಕಿದ್ರ ಇಷ್ಟು ಮೆಮೊರ್ಯಾಗ ತೆವಳ್ತದ ಟೀಚರ್,” ಅಂದ. ತೆವಳಲಿ ಬಿಡಪಾ, ಆದರೆ ಹೆಸರು ಒಡೆಯಬಾರದು ಅಂದೆ. ಅವತ್ತು ಸಂಜೆಯ ಬಸ್ಸಿಗೆ ಹೋದವನು ಹದಿನೈದು ದಿನ ಬಿಟ್ಟು ಒಂದು ಶನಿವಾರ ತಿರುಗಿ ಬಂದ. ಈ ಸಲ ಹಳೆಯ 32-ಬಿಟ್ ಡೆಬಿಯನ್ನನ್ನು ಹಗುರವಾದ ಪರದೆಯೊಡನೆ ತಂದಿದ್ದ, ಗುಬ್ಬಿ ಫಾಂಟಿತ್ತು, ಕೆ.ಪಿ. ರಾಯರ ಕೀಲಿಮಣೆಯಿತ್ತು. ಆರು ಯಂತ್ರಗಳನ್ನೂ ನೆಲದ ಮೇಲೆ ಇಳಿಸಿ, ಮೂರರ ಮೆಮೊರಿ ಪಟ್ಟಿ ಕಿತ್ತು ಉಳಿದ ಮೂರಕ್ಕೆ ಹಾಕಿದ. ಮೂರು ಓಡಿದವು, ನಿಧಾನವಾಗಿ. ಬಿಚ್ಚಿದ ಮೂರನ್ನು ಕಪಾಟಿನ ಮೇಲಿಟ್ಟು, ಯಾವ ಭಾಗ ಯಾವುದಕ್ಕೆ ಹೋಯಿತೆಂದು ಬಿಳಿ ಕಾಗದ ಅಂಟಿಸಿ ಕನ್ನಡದಲ್ಲಿ ಬರೆದ. ಮಕ್ಕಳಿಗೆ ಆರರ ಬದಲು ಮೂರೇ ಯಂತ್ರ ಆಯಿತಲ್ಲ ಎಂದು ಹೆಡ್ ಮಾಸ್ತರರು ಅಸಮಾಧಾನಪಟ್ಟರು. ಒಂದೊಂದರ ಮುಂದೆ ಈಗ ಐದಾರು ಹುಡುಗ ಹುಡುಗಿಯರು ಕೂರಬೇಕು. ಹುಡುಗರು ಮೌಸು ಬಿಡುವುದಿಲ್ಲ, ಅದೊಂದು ದಿನನಿತ್ಯದ ಜಗಳ. ನಾನು ಪಾಳಿಯ ಪಟ್ಟಿ ಬರೆದು ಗೋಡೆಗೆ ಹಚ್ಚಿಸಿದ್ದೇನೆ. ಹುಡುಗಿಯರ ಪಾಳಿ ಮೊದಲು, ಕರೆಂಟು ಇರುವ ಹೊತ್ತಿಗೆ.